ಕಪ್ಪಾದ ಪರದೆ, ನಿಂತುಹೋಗುವ ವ್ಯವಹಾರ

ಅಂಗಡಿಯ ತಕ್ಕಡಿ ಸರಿಯಾಗಿ ತೂಗದಿದ್ದರೆ ವ್ಯಾಪಾರಸ್ಥನು ಮೊದಲು ತಟ್ಟೆಯನ್ನು ಒರೆಸಿ, ತೂಕದ ಕಲ್ಲನ್ನು ಬದಲಿಸಿ ನೋಡುತ್ತಾನೆ. ಲೇತ್ ಯಂತ್ರ ನಿಂತರೆ ಸಣ್ಣ ಕಾರ್ಖಾನೆಯ ಮಾಲೀಕನು ಫ್ಯೂಸು, ಬೆಲ್ಟುಗಳನ್ನು ಪರೀಕ್ಷಿಸದೆ ಮೆಕ್ಯಾನಿಕ್‌ಗೆ ಹೇಳಿಕಳುಹಿಸುವುದಿಲ್ಲ. ಆದರೆ ಕಂಪ್ಯೂಟರಿನ ಪರದೆ ಕಪ್ಪಾದೊಡನೆ ಇದೇ ವಿವೇಕಿಗಳು ಕೈಕಟ್ಟಿ ಕುಳಿತುಬಿಡುತ್ತಾರೆ. ದುರಸ್ತಿಯವನು ಬರುವವರೆಗೆ ಬಿಲ್ಲು ನಿಲ್ಲುತ್ತದೆ, ಲಾರಿ ನಿಲ್ಲುತ್ತದೆ, ಕೊನೆಗೆ ವ್ಯವಹಾರವೇ ನಿಲ್ಲುತ್ತದೆ. ಈ ಅಸಹಾಯಕತೆ ಅನಗತ್ಯವಾದುದು. ಅಷ್ಟೇ ಅಲ್ಲ, ದುಬಾರಿಯಾದುದು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ಕಂಪ್ಯೂಟರ್ ಎಂಬುದು ಅನುಕೂಲದ ಸಾಧನವಾಗಿ ಉಳಿದಿಲ್ಲ, ಕಾನೂನುಪಾಲನೆಯ ಸಾಧನವಾಗಿದೆ. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚಿನ ಮೌಲ್ಯದ ಸರಕು ಇ-ವೇ ಬಿಲ್ ಇಲ್ಲದೆ ಸಾಗುವಂತಿಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗಿಂತ ಹೆಚ್ಚಿನ ವಾರ್ಷಿಕ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ತಿಂಗಳ ವಿವರಪಟ್ಟಿಯನ್ನು 20ನೇ ತಾರೀಖಿನೊಳಗೆ ಸಲ್ಲಿಸದಿದ್ದರೆ, ತೆರಿಗೆ ಬಾಕಿ ಇರುವವರಿಗೆ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕವೂ ಬಾಕಿಯ ಮೇಲೆ ವಾರ್ಷಿಕ ಶೇಕಡಾ 18ರ ಬಡ್ಡಿಯೂ ಬೀಳುತ್ತವೆ. 20ನೇ ತಾರೀಖಿನ ಸಂಜೆ ಪರದೆ ಕತ್ತಲಾಯಿತೆಂಬ ಕಾರಣಕ್ಕೆ ಪೋರ್ಟಲ್ ಕಾಯುವುದಿಲ್ಲ.

ಇಂತಹ ಗಳಿಗೆಯಲ್ಲಿ ಆಗುವ ಮೊದಲ ಅನಾಹುತ ಗಾಬರಿಯಿಂದ ಆಗುವಂಥದು. ಪರದೆ ಕಪ್ಪಾದರೆ ಲೆಕ್ಕಪತ್ರಗಳೆಲ್ಲ ಹೋದವೆಂದು ಭಾವಿಸುವವರುಂಟು. ಲೆಕ್ಕ ಇರುವುದು ಪೆಟ್ಟಿಗೆಯೊಳಗಿನ ಡಿಸ್ಕ್‌ನಲ್ಲಿಯೇ ಹೊರತು ಪರದೆಯಲ್ಲಲ್ಲ. ಪರದೆ ಕೇವಲ ಕಿಟಕಿ. ಕಿಟಕಿ ಮುಚ್ಚಿದರೆ ಉಗ್ರಾಣದ ಮಾಲು ಮಾಯವಾಗುವುದಿಲ್ಲ. ಆದರೆ ಗಾಬರಿಯಲ್ಲಿ ಪೆಟ್ಟಿಗೆಯ ಗುಂಡಿಯನ್ನು ಒತ್ತಿಹಿಡಿದು ಬಲವಂತವಾಗಿ ಆರಿಸಿದರೆ, ತೆರೆದಿದ್ದ ಲೆಕ್ಕದ ಕಡತ ನಿಜವಾಗಿಯೂ ಕೆಡಬಹುದು. ಇಲ್ಲದ ನಷ್ಟಕ್ಕೆ ಹೆದರಿ ಇರುವುದನ್ನು ಕಳೆದುಕೊಂಡಂತಾಗುತ್ತದೆ.

ಆದುದರಿಂದ ಮೊದಲ ಪ್ರಶ್ನೆ ಒಂದೇ: ಕಂಪ್ಯೂಟರ್ ಓಡುತ್ತಿದೆಯೇ, ಇಲ್ಲವೇ? ಕೀಲಿಮಣೆಯ ಕ್ಯಾಪ್ಸ್ ಲಾಕ್ ಗುಂಡಿಯನ್ನು ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಜೀವಂತವಾಗಿದೆ, ದೋಷವಿರುವುದು ಚಿತ್ರ ಬರುವ ದಾರಿಯಲ್ಲಿ ಎಂದು ಬಹುಮಟ್ಟಿಗೆ ತಿಳಿಯಬಹುದು. ಅನಂತರ ಮಾನಿಟರಿನ ಮುಂಭಾಗದ ದೀಪವನ್ನು ನೋಡಬೇಕು. ದೀಪವೇ ಇಲ್ಲದಿದ್ದರೆ ವಿದ್ಯುತ್ ಬರುತ್ತಿಲ್ಲ: ಪ್ಲಗ್, ಯುಪಿಎಸ್, ಅಡಾಪ್ಟರ್, ಹಿಂಬದಿಗೆ ಸಿಕ್ಕಿಸಿದ ತಂತಿ ಇವುಗಳನ್ನು ಕ್ರಮವಾಗಿ ಪರೀಕ್ಷಿಸಬೇಕು. ದೀಪ ಕಿತ್ತಳೆ ಬಣ್ಣದಲ್ಲಿದ್ದರೆ ಅಥವಾ ಮಿನುಗುತ್ತಿದ್ದರೆ, ಸಾಮಾನ್ಯವಾಗಿ ಮಾನಿಟರಿಗೆ ವಿದ್ಯುತ್ ಇದೆ, ಸಂಕೇತವಿಲ್ಲ ಎಂದರ್ಥ. 'ನೋ ಸಿಗ್ನಲ್' ಎಂಬ ಬರಹ ಕಂಡರಂತೂ ಸಂತೋಷಪಡಬೇಕು. ಆ ಅಕ್ಷರಗಳನ್ನು ತೋರಿಸಿದ ಪರದೆ ಸತ್ತಿಲ್ಲವೆಂಬುದು ಖಚಿತ.

ಸಂಕೇತವಿಲ್ಲದಿರಲು ಕಾರಣಗಳು ಹೆಚ್ಚಾಗಿ ಕ್ಷುಲ್ಲಕವಾಗಿರುತ್ತವೆ. ಕಸ ಗುಡಿಸುವಾಗ ತಂತಿ ಸಡಿಲಗೊಂಡಿರಬಹುದು. ಮಾನಿಟರಿನ ಗುಂಡಿ ಯಾರದೋ ಕೈತಾಗಿ ಆಯ್ಕೆಯು ವಿಜಿಎಯಿಂದ ಎಚ್‌ಡಿಎಂಐಗೆ ಬದಲಾಗಿರಬಹುದು. 1987ರಿಂದ ಬಳಕೆಯಲ್ಲಿರುವ ವಿಜಿಎ ತಂತಿಯ ಮೂರು ಸಾಲು ಸೂಜಿಗಳಲ್ಲಿ ಒಂದು ಬಾಗಿರಬಹುದು. ಆದರೆ ಒಂದು ಸೂಜಿ ಮೂಲದಲ್ಲೇ ಇಲ್ಲದ ತಂತಿಗಳೂ ಇರುವುದರಿಂದ ಖಾಲಿ ರಂಧ್ರ ಕಂಡಮಾತ್ರಕ್ಕೆ ತಂತಿಯನ್ನು ಎಸೆಯಬಾರದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ತಂತಿಯನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದರೆ ಅನೇಕ ಸಲ ಚಿತ್ರ ಬರುವುದಿಲ್ಲ. ಅದನ್ನು ಕಾರ್ಡಿನ ಕಿಂಡಿಗೇ ಸೇರಿಸಬೇಕು.

ಎಲ್ಲವೂ ಸರಿಯಿದ್ದು ಪರದೆ ಮಾತ್ರ ಕತ್ತಲಾಗಿದ್ದರೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಬಹುದು. ಮಸುಕಾದ ಚಿತ್ರ ಕಂಡರೆ ಪರದೆಯ ಹಿಂಬದಿಯ ಬೆಳಕು ಕೆಟ್ಟಿದೆ ಎಂದು ತಿಳಿಯುತ್ತದೆ. ಅತ್ಯಂತ ನಿರ್ಣಾಯಕವಾದುದು ಬದಲಿ ಪರೀಕ್ಷೆ. ಅದೇ ಮಾನಿಟರನ್ನು ಬೇರೆ ಕಂಪ್ಯೂಟರಿಗೂ, ಅದೇ ಕಂಪ್ಯೂಟರನ್ನು ಬೇರೆ ಪರದೆಗೂ ಜೋಡಿಸಿದರೆ ದೋಷ ಯಾವ ಕಡೆಗಿದೆ ಎಂಬುದು ಹತ್ತು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ. ಎರಡನೆಯ ಮಾನಿಟರ್ ಇಲ್ಲದ ಅಂಗಡಿಯಲ್ಲಿ ಎಚ್‌ಡಿಎಂಐ ಕಿಂಡಿಯುಳ್ಳ ಟಿವಿಯೂ ಸಾಕು. ಆ ಸಂಜೆಯ ಬಿಲ್ಲು, ಆ ದಿನದ ವಿವರಪಟ್ಟಿ ಟಿವಿಯ ಪರದೆಯ ಮೇಲೆಯೇ ಮುಗಿಯಬಲ್ಲವು.

ಇಷ್ಟರ ಆಚೆಗೆ ತಂತ್ರಜ್ಞನ ಗಡಿ ಆರಂಭವಾಗುತ್ತದೆ. ಮಾನಿಟರಿನ ಹಿಂಬದಿಯನ್ನು ಬಿಚ್ಚುವ ಸಾಹಸಕ್ಕೆ ಯಾರೂ ಕೈಹಾಕಬಾರದು. ವಿದ್ಯುತ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಲ್ಲದು. ಯಂತ್ರವೇ ಏಳದೆ ಬೀಪ್ ಶಬ್ದ ಬರುತ್ತಿದ್ದರೆ ಆ ಶಬ್ದಗಳ ಸಂಖ್ಯೆಯನ್ನು ಬರೆದಿಟ್ಟು ತಂತ್ರಜ್ಞನಿಗೆ ತಿಳಿಸುವುದೇ ದೊಡ್ಡ ಸಹಾಯ.

ವ್ಯಾಪಾರಿಯ ಕೆಲಸ ವ್ಯಾಪಾರ, ದುರಸ್ತಿ ಬಲ್ಲವನ ಕೆಲಸ ದುರಸ್ತಿ, ಇದರಲ್ಲಿ ತಲೆಹಾಕುವುದೇಕೆ ಎಂಬ ವಾದವಿದೆ. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಮಾಲನ್ನು ಗುರುತಿಸಲಾರದ ಗಿರಾಕಿಗೆ ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂಬುದು ವ್ಯಾಪಾರಿಗಳಿಗೇ ಚೆನ್ನಾಗಿ ಗೊತ್ತು. ದೋಷ ತಂತಿಯದೋ ಪರದೆಯದೋ ಎಂದು ತಿಳಿಯದವನು ತಂತಿಯೊಂದರಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಮಾನಿಟರಿನ ಬೆಲೆ ತೆರಬೇಕಾದೀತು. ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡವರೂ ಸಹಿ ಹಾಕುವ ಮುನ್ನ ಎಷ್ಟು ಗಂಟೆಯೊಳಗೆ ಬರುತ್ತಾರೆ, ದುರಸ್ತಿಯ ಕಾಲಕ್ಕೆ ಬದಲಿ ಮಾನಿಟರ್ ಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಪ್ರಾಮಾಣಿಕ ತಂತ್ರಜ್ಞನಿಗೆ ತಿಳಿವಳಿಕೆಯುಳ್ಳ ಗಿರಾಕಿಯಿಂದ ಲಾಭವೇ ಹೊರತು ನಷ್ಟವಿಲ್ಲ.

ನಿಜವಾಗಿಯೂ ಆಯುಷ್ಯ ಮುಗಿದ ಪರದೆಯನ್ನು ಗುಜರಿಗೆ ಹಾಕುವುದೂ ತಪ್ಪು. ಹಳೆಯ ಡಬ್ಬಿ ಮಾನಿಟರುಗಳ ಗಾಜಿನಲ್ಲಿ ಸೀಸವಿದೆ; ಮೊದಲ ತಲೆಮಾರಿನ ಚಪ್ಪಟೆ ಪರದೆಗಳ ಬೆಳಕಿನ ಕೊಳವೆಗಳಲ್ಲಿ ಪಾದರಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯವಸ್ಥೆಗೆ ಅನುಗುಣವಾಗಿ ಅವು ನೋಂದಾಯಿತ ಮರುಬಳಕೆದಾರರ ಕೈಸೇರಬೇಕು.

ಈ ದಿಸೆಯಲ್ಲಿ ಆಗಬೇಕಾದುದು ಅಲ್ಪವೇ. ಪ್ರತಿಯೊಂದು ಅಂಗಡಿ, ಕಾರ್ಖಾನೆಯ ಮೇಜಿನ ಬಳಿ ಮೇಲಿನ ಕ್ರಮವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ, ಕಪಾಟಿನಲ್ಲಿ ಒಂದು ಹೆಚ್ಚುವರಿ ತಂತಿ, ಪ್ರತಿ ಸಂಜೆ ಲೆಕ್ಕದ ಒಂದು ಪ್ರತಿ ಬೇರೆಡೆ, ಮತ್ತು ಮಾಲೀಕನಲ್ಲದೆ ಈ ಪರೀಕ್ಷೆಗಳನ್ನು ಬಲ್ಲ ಇನ್ನೊಬ್ಬ ಸಿಬ್ಬಂದಿ ಇದ್ದರೆ ಸಾಕು. ತೆರಿಗೆ ಕಾನೂನಿನ ಕಾರ್ಯಾಗಾರಗಳನ್ನು ನಡೆಸುವ ವಾಣಿಜ್ಯ ಸಂಸ್ಥೆಗಳು ಅದರ ಜೊತೆಗೆ ಅರ್ಧ ದಿನವನ್ನು ಇದಕ್ಕೂ ಮೀಸಲಿಡುವುದು ಉಚಿತ. ವಿವರಪಟ್ಟಿ ತುಂಬುವುದನ್ನು ಕಲಿತವನಿಗೆ ಅದನ್ನು ತುಂಬುವ ಯಂತ್ರ ಮೌನವಾದಾಗ ಏನು ಮಾಡಬೇಕೆಂಬುದೂ ತಿಳಿದಿರಬೇಕು. 20ನೇ ತಾರೀಖು ಪ್ರತಿ ತಿಂಗಳೂ ಬರುತ್ತದೆ. ಪರದೆ ಯಾವ ತಿಂಗಳು ಕಪ್ಪಾಗುತ್ತದೆಂದು ಮಾತ್ರ ಯಾರಿಗೂ ಹೇಳಿ ಬರುವುದಿಲ್ಲ.