ಬೇಸಿಗೆ ಶಿಬಿರಕ್ಕೆ ಸಾಲ ಬೇಡ, ಶಾಲೆಯ ಮೈದಾನ ತೆರೆಸಿ

ಹೈಸ್ಕೂಲು ಮಕ್ಕಳ ತಂದೆತಾಯಂದಿರಲ್ಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ, ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ



ಮಾರ್ಚ್ ಬಂತೆಂದರೆ ಬಸ್ ಸ್ಟ್ಯಾಂಡಿನ ಕಂಬ, ಬೇಕರಿಯ ಗಾಜು, ಬೆಳಗಿನ ಪೇಪರಿನ ಮಡಿಕೆ, ಎಲ್ಲಿ ನೋಡಿದರೂ ಬೇಸಿಗೆ ಶಿಬಿರದ ಬಣ್ಣದ ಹಾಳೆ. ಕ್ರಿಕೆಟ್, ಬ್ಯಾಡ್ಮಿಂಟನ್, ಫುಟ್‌ಬಾಲ್, ಈಜು, ಸ್ಕೇಟಿಂಗ್. ಈಚೆಗೆ ಕಬಡ್ಡಿಯೂ ಸೇರಿಕೊಂಡಿದೆ. ಟೀ ಶರ್ಟು, ಟೋಪಿ ಉಚಿತ. ಕೊನೆಯ ದಿನ ಸರ್ಟಿಫಿಕೇಟು. ಊರು ಮತ್ತು ಆಟ ನೋಡಿಕೊಂಡು ಶುಲ್ಕ ಕೆಲವು ಸಾವಿರದಿಂದ ಹತ್ತಾರು ಸಾವಿರದವರೆಗೆ. ದುಡ್ಡಿದ್ದವರು ಕಟ್ಟುತ್ತಾರೆ, ಅವರ ಮಾತು ಬೇರೆ. ಈ ಕರಪತ್ರ ಬರೆದದ್ದು ಇನ್ನೊಂದು ಬಗೆಯ ಮನೆಗಳಿಗಾಗಿ. ಮಗಳು ತಾಲ್ಲೂಕಿನಲ್ಲಿ 400 ಮೀಟರ್ ಗೆದ್ದಿದ್ದಾಳೆ; ‘ಕೋಚಿಂಗ್ ಕೊಡಿಸಿದರೆ ಸ್ಟೇಟ್ ಲೆವೆಲ್‌ಗೆ ಹೋಗ್ತಾಳೆ’ ಎಂದು ನಾಲ್ಕು ಜನ ಹೇಳಿದ್ದಾರೆ; ಸಂಘದಲ್ಲಿ ಸಾಲ ತೆಗೆದು ಸಿಟಿಯ ಶಿಬಿರಕ್ಕೆ ಕಳಿಸಲೇ ಎಂದು ತಾಯಿ ಯೋಚಿಸುತ್ತಿದ್ದಾಳೆ. ಆಕೆಗೆ ನಮ್ಮ ಉತ್ತರ: ಬೇಡ.

ಯಾಕೆ ಬೇಡ ಅನ್ನುವುದಕ್ಕೆ ಮೊದಲು ಶಾಲೆಯ ಕ್ಯಾಲೆಂಡರ್ ನೋಡಿ. ನಮ್ಮ ಶಾಲಾ ಕ್ರೀಡಾಕೂಟಗಳು ಶುರುವಾಗುವುದೇ ಮಳೆಗಾಲದಲ್ಲಿ. ಹೋಬಳಿ ಅಥವಾ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತಾ ವರ್ಷದ ಕೊನೆಗೆ ಮುಗಿಯುತ್ತವೆ. ಆಮೇಲೆ ಪರೀಕ್ಷೆಯ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಹತ್ತನೇ ತರಗತಿಯವರಂತೂ ಮೈದಾನದ ಕಡೆ ತಲೆ ಹಾಕುವಂತಿಲ್ಲ. ಹೀಗೆ ಮೂರು ತಿಂಗಳು ಬೆಂಚಿನ ಮೇಲೆ ಕೂತ ಮೈಯನ್ನು ಏಪ್ರಿಲ್‌ನಲ್ಲಿ ಒಮ್ಮೆಲೇ ದಿನಕ್ಕೆ ನಾಲ್ಕೈದು ಗಂಟೆ ಓಡಿಸುತ್ತೇವೆ. ಮೂರು ವಾರ ಕಳೆದರೆ ಶಿಬಿರ ಮುಗಿಯಿತು. ಮತ್ತೆ ಮದುವೆ, ಜಾತ್ರೆ, ಅಜ್ಜಿ ಮನೆ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಮಳೆ ಹಿಡಿಯುತ್ತದೆ. ಆಗಸ್ಟಿನಲ್ಲಿ ಆ ಹುಡುಗಿ ಸುಣ್ಣದ ಗೆರೆಯ ಮೇಲೆ ನಿಂತಾಗ ಶಿಬಿರದಲ್ಲಿ ಗಳಿಸಿದ ದಮ್ಮಿನಲ್ಲಿ ಎಷ್ಟು ಉಳಿದಿರುತ್ತದೆ? ಅಭ್ಯಾಸ ನಿಲ್ಲಿಸಿದ ಎರಡರಿಂದ ನಾಲ್ಕು ವಾರದಲ್ಲೇ ದಮ್ಮು ಇಳಿಯತೊಡಗುತ್ತದೆ. ತಿಂಗಳ ನೀರನ್ನೆಲ್ಲ ಒಂದೇ ದಿನ ಹಾಯಿಸಿದರೆ ತೆಂಗಿನ ಸಸಿ ಕುಡಿಯುವುದು ತನಗೆ ಬೇಕಾದಷ್ಟನ್ನೇ. ಮಿಕ್ಕಿದ್ದು ಹರಿದು ಹೋಗುತ್ತದೆ, ಇಲ್ಲವೇ ಬುಡ ಕೊಳೆಯುತ್ತದೆ.

ಬುಡ ಕೊಳೆಯುವ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಹೈಸ್ಕೂಲಿನ ವಯಸ್ಸು ಎಲುಬು ಸರಸರನೆ ಉದ್ದವಾಗುವ ವಯಸ್ಸು. ಎಲುಬು ಬೆಳೆದಷ್ಟು ಬೇಗ ಸ್ನಾಯು, ಸ್ನಾಯುರಜ್ಜು ಹಿಗ್ಗುವುದಿಲ್ಲ. ನಿಮ್ಮ ಮಗನ ಮೊಣಕಾಲ ಚಿಪ್ಪಿನ ಕೆಳಗೆ, ಮುಂಗಾಲ ಎಲುಬು ಶುರುವಾಗುವಲ್ಲಿ ಬೆರಳಿಟ್ಟು ಒತ್ತಿ ನೋಡಿ. ಅಲ್ಲಿ ಅಡಿಕೆಯಷ್ಟು ಗಂಟು ಎದ್ದಿದ್ದು, ಮುಟ್ಟಿದರೆ ‘ಸ್’ ಎಂದು ಕಾಲು ಎಳೆದುಕೊಂಡರೆ ಅದು ಹೆಚ್ಚಾಗಿ ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆ. ತೊಡೆಯ ಸ್ನಾಯು ಇನ್ನೂ ಗಟ್ಟಿಯಾಗದ ಎಲುಬಿನ ತುದಿಯನ್ನು ಮತ್ತೆ ಮತ್ತೆ ಜಗ್ಗಿದ್ದರ ಫಲ. ಹಿಮ್ಮಡಿಯಲ್ಲೂ ಹೀಗೇ ಆಗುತ್ತದೆ. ಭಯಪಡುವ ಕಾಯಿಲೆಯಲ್ಲ, ಜಿಗಿತ ಮತ್ತು ಓಟ ಕಡಿಮೆ ಮಾಡಿದರೆ ತಾನೇ ಇಳಿಯುತ್ತದೆ. ಆದರೆ ಶುಲ್ಕ ಕಟ್ಟಿದ ಶಿಬಿರದಲ್ಲಿ ಕಡಿಮೆ ಮಾಡುವವರು ಯಾರು? ‘ನೋವು ತಡ್ಕೋ, ಆಮೇಲೆ ಸರಿ ಹೋಗುತ್ತೆ’ ಎನ್ನುತ್ತಾರೆ ಕೋಚು. ಕಟ್ಟಿದ ದುಡ್ಡು ದಂಡವಾಗುತ್ತದಲ್ಲಾ ಎಂದು ಅಪ್ಪನೂ ಮಾತಾಡುವುದಿಲ್ಲ.

ಎಷ್ಟು ಆಡಿದರೆ ಹೆಚ್ಚು ಎಂಬುದಕ್ಕೆ ತಿಳಿದವರು ಒಂದು ಸರಳ ಅಳತೆ ಕೊಟ್ಟಿದ್ದಾರೆ. ಶಿಕಾಗೋದ ಲಯೋಲಾ ವಿಶ್ವವಿದ್ಯಾಲಯದ ವೈದ್ಯರು ಸುಮಾರು 1,200 ಎಳೆಯ ಆಟಗಾರರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತನ್ನ ವಯಸ್ಸಿನ ವರ್ಷಗಳಿಗಿಂತ ಹೆಚ್ಚು ಗಂಟೆ ವಾರದಲ್ಲಿ ಸಂಘಟಿತ ಆಟ ಆಡುವ ಮಗುವಿಗೆ ಪೆಟ್ಟಿನ ಸಾಧ್ಯತೆ ಹೆಚ್ಚು. ಎಂದರೆ 14 ವರ್ಷದ ಹುಡುಗನಿಗೆ ವಾರಕ್ಕೆ 14 ಗಂಟೆ. ಶಿಬಿರದ ಹಾಳೆಯಲ್ಲಿ ಬೆಳಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ, ವಾರಕ್ಕೆ ಆರು ದಿನ ಎಂದಿದ್ದರೆ 30 ಗಂಟೆ ಆಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು ಇದಕ್ಕೆ ತದ್ವಿರುದ್ಧ: ವಾರದಲ್ಲಿ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು, ಬೇಕಾದರೆ ಒಂದೊಂದೇ ತಿಂಗಳಂತೆ, ಮಗು ತನ್ನ ಮುಖ್ಯ ಆಟದಿಂದ ದೂರ ಇರಲಿ. ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15-16ರವರೆಗೆ ಮುಂದೂಡಿ ಎಂದೂ ಅದೇ ವರದಿ ಹೇಳುತ್ತದೆ. ನಾವು ಎಂಟನೇ ತರಗತಿಗೇ ‘ಇವನು ಫಾಸ್ಟ್ ಬೌಲರ್’ ಎಂದು ಹಣೆಪಟ್ಟಿ ಕಟ್ಟಿಬಿಡುತ್ತೇವೆ.

ಫಾಸ್ಟ್ ಬೌಲರ್ ಎಂದಾಗ ನೆನಪಾಯಿತು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹಲವು ವರ್ಷ ಪಾಲಿಸಿಕೊಂಡು ಬಂದ ನಿಯಮದಲ್ಲಿ 15ರೊಳಗಿನ ವೇಗಿಗೆ ಒಂದು ಸ್ಪೆಲ್‌ನಲ್ಲಿ ಆರು ಓವರ್, ಇಡೀ ದಿನಕ್ಕೆ ಹನ್ನೆರಡು ಓವರ್ ಮಿತಿ. ಎಳೆಯ ವೇಗಿಗಳ ಸೊಂಟದ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬೀಳುವುದು ಸಾಮಾನ್ಯ ಎಂದು ಗೊತ್ತಿದ್ದೇ ಹಾಕಿದ ಮಿತಿ ಅದು. ನಮ್ಮ ಶಿಬಿರಗಳ ನೆಟ್ಸ್‌ನಲ್ಲಿ ಎಷ್ಟು ಚೆಂಡು ಎಸೆದ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವರನ್ನು ನೀವು ಕಂಡಿದ್ದರೆ ಅಂಥ ಕಡೆ ಧೈರ್ಯವಾಗಿ ಸೇರಿಸಿ.

ಬೌಲರ್‌ಗೆ ಅತಿಯಾದರೆ ಬ್ಯಾಟ್ಸ್‌ಮನ್ನನಿಗೆ ಅರೆಹೊಟ್ಟೆ. 60 ಮಕ್ಕಳು, ಮೂರು ನೆಟ್, ಎರಡು ಗಂಟೆಯ ಅವಧಿ. ಓಟ, ಕಸರತ್ತು, ಹಾಜರಿ ಎಂದು ಅರ್ಧ ಗಂಟೆ ಹೋಯಿತು. ಉಳಿದ 90 ನಿಮಿಷವನ್ನು ಒಂದು ನೆಟ್ಟಿಗೆ 20 ಮಕ್ಕಳಂತೆ ಹಂಚಿದರೆ ತಲೆಗೆ ನಾಲ್ಕೂವರೆ ನಿಮಿಷ. ಅದರಲ್ಲಿ ಪ್ಯಾಡು ಕಟ್ಟುವುದೂ ಬಿಚ್ಚುವುದೂ ಸೇರಿದೆ. ಉಳಿದ ಹೊತ್ತೆಲ್ಲ ಬಿಸಿಲಲ್ಲಿ ಸಾಲು. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

‘ಹಾಗಾದರೆ ದ್ರಾವಿಡ್?’ ಎಂದು ಕೇಳುತ್ತೀರಿ, ಗೊತ್ತು. ನಿಜ, ರಾಹುಲ್ ದ್ರಾವಿಡ್ ಹುಡುಗನಾಗಿದ್ದಾಗ ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲೇ ಕೋಚ್ ಕೇಕಿ ತಾರಾಪೋರ್ ಅವರ ಕಣ್ಣಿಗೆ ಬಿದ್ದದ್ದು. ಶಿಬಿರ ನಡೆಸುವವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಕಣ್ಣಿಗೆ ಬಿದ್ದ ಹುಡುಗನನ್ನು ತಾರಾಪೋರ್ ಶಿಬಿರ ಮುಗಿದ ದಿನ ಕೈಬಿಡಲಿಲ್ಲ, ಮುಂದೆಯೂ ತಿದ್ದಿದರು. ಹುಡುಗನಿಗೆ ಶಾಲೆಯ ತಂಡವಿತ್ತು, ಆಡಲು ಪಂದ್ಯಗಳಿದ್ದವು, ಬೆಂಗಳೂರಿನಂಥ ಊರಿತ್ತು. ಶಿಬಿರ ಬಾಗಿಲು ತೆರೆದದ್ದು ಸುಳ್ಳಲ್ಲ. ಬಾಗಿಲ ಆಚೆ ವರ್ಷವಿಡೀ ನಡೆಯುವ ಮನೆಯೊಂದು ಇತ್ತು. ನಿಮ್ಮ ಮಗಳ ಶಿಬಿರದ ಆಚೆ ಏನಿದೆ ಎಂದು ಕೇಳಿನೋಡಿ. ಜೂನ್‌ನಲ್ಲಿ ಆ ಕೋಚು ಫೋನು ಎತ್ತುತ್ತಾರೆಯೇ?

ಎಲ್ಲ ಶಿಬಿರವೂ ಮೋಸ ಎಂದು ನಾವು ಹೇಳುತ್ತಿಲ್ಲ. ಶಿಬಿರ ನಡೆಸುವ ಹಳೆಯ ಆಟಗಾರರಲ್ಲಿ ಎಷ್ಟೋ ಜನ ಈ ಎರಡು ತಿಂಗಳ ಗಳಿಕೆಯಲ್ಲೇ ವರ್ಷ ದೂಡುವವರು. ಅವರ ಹೊಟ್ಟೆಯ ಮೇಲೆ ಹೊಡೆಯುವುದು ನಮಗೆ ಬೇಕಿಲ್ಲ. ಈಜಿನ ಶಿಬಿರಕ್ಕೆ ಕಳಿಸಿ, ಖಂಡಿತ ಕಳಿಸಿ. ಮೂರು ವಾರದಲ್ಲಿ ಮಗು ನೀರಿನ ಭಯ ಬಿಟ್ಟು ತೇಲಲು ಕಲಿತರೆ ಅದು ಬದುಕಿನುದ್ದಕ್ಕೂ ಉಳಿಯುತ್ತದೆ, ಕೆರೆ-ಕೃಷಿಹೊಂಡಗಳ ಊರಿನಲ್ಲಿ ಜೀವವನ್ನೂ ಉಳಿಸುತ್ತದೆ. ಮಣ್ಣಿನಲ್ಲೇ ಕಬಡ್ಡಿ ಆಡಿದವರಿಗೆ ದೊಡ್ಡ ಟೂರ್ನಿಯಲ್ಲಿ ಮ್ಯಾಟ್ ಸಿಕ್ಕಾಗ ಆಗುವ ಗಲಿಬಿಲಿ ನಮಗೆ ಚೆನ್ನಾಗಿ ಗೊತ್ತು. ಬರಿಗಾಲಿನಲ್ಲಿ ಮಣ್ಣು ಹಿಡಿದು ತಿರುಗುತ್ತಿದ್ದ ರೈಡರ್‌ಗೆ ಶೂ ಹಾಕಿದೊಡನೆ ಕಾಲು ಮ್ಯಾಟಿಗೆ ಅಂಟಿಕೊಂಡಂತಾಗುತ್ತದೆ. ಬೋನಸ್ ಗೆರೆಯತ್ತ ಚಾಚಿದ ಕಾಲು ಸರಿಯಾಗಿ ಜಾರುವುದಿಲ್ಲ, ಮಂಡಿ ತಿರುಚುತ್ತದೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಸ್ಪೈಕ್ಸ್ ಹಾಕಿ ಓಡುವುದೂ ಹಾಗೆಯೇ. ಹರ್ಡಲ್ಸ್, ಜಾವೆಲಿನ್, ಪೋಲ್‌ವಾಲ್ಟ್‌ನಂಥವಕ್ಕೆ ಸಾಮಾನೂ ಬೇಕು, ಗುರುವೂ ಬೇಕು. ಜಿಲ್ಲಾ ಮಟ್ಟ ದಾಟಿದ ಮಗು ಇಂಥದ್ದೊಂದು ನಿರ್ದಿಷ್ಟ ಕೊರತೆ ನೀಗಿಸಿಕೊಳ್ಳಲು ಹತ್ತು ದಿನ ಹೋಗಿ ಬಂದರೆ ಪ್ರಯೋಜನವುಂಟು. ಅದಕ್ಕೂ ಮೊದಲು ನಿಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ವಿಚಾರಿಸಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರೇ ಹಲವು ಕಡೆ ಕಡಿಮೆ ಖರ್ಚಿನಲ್ಲಿ ಬೇಸಿಗೆ ತರಬೇತಿ ನಡೆಸುವುದುಂಟು.

ಖಾಸಗಿ ಶಿಬಿರಕ್ಕೇ ಸೇರಿಸುವುದಾದರೆ ದುಡ್ಡು ಕೊಡುವ ಮುಂಚೆ ಎದುರಿಗೆ ಕೂತು ಕೇಳಿ. ಕೋಚ್ ‘ಎನ್‌ಐಎಸ್’ ಎಂದು ಬೋರ್ಡು ಹಾಕಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾನೋ, ಆರು ವಾರದ ಸರ್ಟಿಫಿಕೇಟ್ ಕೋರ್ಸೋ? ಎರಡಕ್ಕೂ ಬೋರ್ಡಿನ ಮೇಲೆ ಅಕ್ಷರ ಅವೇ ಮೂರು. ಒಬ್ಬ ಕೋಚಿಗೆ ಎಷ್ಟು ಮಕ್ಕಳು? ಬೆಳಗ್ಗೆ ಎಂಟೂವರೆಗೆ ನೆರಳಿಗೆ ಬಿಡುತ್ತೀರಾ? ಹೆಣ್ಣುಮಕ್ಕಳಿಗೆ ಮಹಿಳಾ ಕೋಚ್ ಇದ್ದಾರೆಯೇ, ಬಟ್ಟೆ ಬದಲಿಸಲು, ಶೌಚಕ್ಕೆ ಸರಿಯಾದ ಜಾಗವಿದೆಯೇ, ತಂದೆತಾಯಿ ಯಾವಾಗ ಬೇಕಾದರೂ ಬಂದು ನೋಡಬಹುದೇ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಶಾಲೆಗೆ ಎಷ್ಟು ಅನ್ವಯಿಸುತ್ತದೋ ಶಿಬಿರಕ್ಕೂ ಅಷ್ಟೇ. ‘ಪೇರೆಂಟ್ಸ್ ಒಳಗೆ ಬರುವಂತಿಲ್ಲ’ ಎಂದರೆ ಅಲ್ಲಿಂದಲೇ ಮಗಳ ಕೈ ಹಿಡಿದು ವಾಪಸು ಬನ್ನಿ.

ಸರ್ಟಿಫಿಕೇಟಿನ ಆಸೆಗೆ ಒಂದೇ ಮಾತು: ಇಂಜಿನಿಯರಿಂಗ್ ಮುಂತಾದ ಸೀಟುಗಳ ಕ್ರೀಡಾ ಕೋಟಾಕ್ಕೆ ಬೇಕಿರುವುದು ಮಾನ್ಯತೆ ಪಡೆದ ಕ್ರೀಡಾಕೂಟದಲ್ಲಿ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದ ಇಲ್ಲವೇ ಪದಕ ಗೆದ್ದ ದಾಖಲೆ. ಶಿಬಿರದ ಸರ್ಟಿಫಿಕೇಟು ಗೋಡೆಗೆ ಚಂದ.

ಇಷ್ಟೆಲ್ಲ ಹೇಳಿ ಮಕ್ಕಳನ್ನು ಮನೆಯಲ್ಲಿ ಮೊಬೈಲ್ ಹಿಡಿಸಿ ಕೂರಿಸಿ ಎಂದರೆ ಅದು ಇನ್ನೂ ಕೆಟ್ಟದ್ದು. ರಜೆಯಲ್ಲಿ ಮಕ್ಕಳು ಆಡಬೇಕು, ಆದರೆ ಊರಲ್ಲೇ. ಕೊಡಗನ್ನು ನೋಡಿ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದರು. ಈಗ ಪ್ರತಿ ಬೇಸಿಗೆಯಲ್ಲೂ ನೂರಾರು ಕುಟುಂಬ ತಂಡಗಳು ಆಡುತ್ತವೆ. ಒಂದೇ ತಂಡದಲ್ಲಿ ಶಾಲೆಯ ಹುಡುಗ, ಅವನ ಅಕ್ಕ, ಚಿಕ್ಕಪ್ಪ ಸ್ಟಿಕ್ ಹಿಡಿದು ನಿಲ್ಲುವುದುಂಟು. ತನಗಿಂತ ಬಲವಾದವರ ಎದುರು ಚೆಂಡು ಉಳಿಸಿಕೊಳ್ಳುವುದನ್ನು ಆ ಹುಡುಗ ಅಲ್ಲಿ ಕಲಿಯುತ್ತಾನೆ. ಅವನ ಅಪ್ಪ ಯಾವ ಕೌಂಟರಿನಲ್ಲೂ ಕೋಚಿಂಗ್ ಫೀಜು ಕಟ್ಟಿರುವುದಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಕಲ್ಯಾಣ ಮಂಟಪದಲ್ಲಿ. ಮದುವೆ ಇದ್ದ ದಿನ ಆಟವಿಲ್ಲ, ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ಜಾಗ ಅವರ ಮನೆಯ ಹತ್ತಿರವಿತ್ತು, ಬಾಗಿಲು ತೆರೆದಿತ್ತು.

ನಮ್ಮ ಹೈಸ್ಕೂಲುಗಳ ಗತಿ ಏನು? ಊರಿನ ಅತಿ ದೊಡ್ಡ ಸಮತಟ್ಟು ಜಾಗ ಶಾಲೆಯದ್ದೇ. ಅದಕ್ಕೆ ಏಪ್ರಿಲ್ 11ರ ಆಸುಪಾಸಿನಲ್ಲಿ ಬೀಗ ಬಿದ್ದರೆ ಮೇ ಕೊನೆಯವರೆಗೂ ಬೀಗ. ಒಳಗೆ ವಾಲಿಬಾಲ್ ಕಂಬ ತುಕ್ಕು ಹಿಡಿಯುತ್ತದೆ, ಹೊರಗೆ ಮಕ್ಕಳು ರಸ್ತೆಯಲ್ಲಿ ವಿಕೆಟ್ ನೆಟ್ಟು ಬೈಕಿನವರಿಂದ ಬೈಸಿಕೊಳ್ಳುತ್ತಾರೆ. ಕಾಂಪೌಂಡು ಹಾರಿದರೆ ‘ಕಿಟಕಿ ಒಡೆಯುತ್ತಾರೆ’ ಎಂಬ ದೂರು. ಹೆಡ್‌ಮಾಸ್ಟರರ ಭಯವೂ ಸುಳ್ಳಲ್ಲ. ಏನಾದರೂ ಆದರೆ ಉತ್ತರ ಹೇಳಬೇಕಾದವರು ಅವರೊಬ್ಬರೇ. ಆದ್ದರಿಂದ ಹೊಣೆಯನ್ನು ಅವರೊಬ್ಬರ ಹೆಗಲ ಮೇಲೆ ಬಿಡಬಾರದು.

ನಾವು ಕೇಳುವುದು ಇಷ್ಟು. ಮಾರ್ಚ್ ತಿಂಗಳ ಎಸ್‌ಡಿಎಂಸಿ ಸಭೆಗೆ ತಂದೆತಾಯಂದಿರು ಹೋಗಿ. ರಜೆಯಲ್ಲಿ ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಆರೂವರೆಯಿಂದ ಎಂಟು ಗಂಟೆ, ಮೈದಾನ ತೆರೆದಿರಲಿ ಎಂದು ಕೇಳಿ. ಎರಡು ದಿನ ಮಗುವಿನ ಸ್ವಂತ ಆಟ, ಇನ್ನೆರಡು ದಿನ ಬೇರೆ ಆಟ: ಓಟಗಾರ್ತಿ ಥ್ರೋಬಾಲ್ ಆಡಲಿ, ಕ್ರಿಕೆಟಿನವನು ಖೊಖೊ ಆಡಲಿ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳು ಎಷ್ಟೋ ಇವೆ, ಇರುವ ಕಡೆ ಅವರಿಗೂ ರಜೆ ಬೇಕು. ಊರಲ್ಲಿ ಬಿಪಿ.ಇಡಿ ಮಾಡಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿದ್ದಾರೆ, ನಿವೃತ್ತ ಮೇಷ್ಟ್ರಿದ್ದಾರೆ. ಶಿಬಿರಕ್ಕೆ ಒಂದು ಮಗುವಿಗೆ ಕಟ್ಟುವ ದುಡ್ಡನ್ನು ಹತ್ತು ಮನೆಯವರು ಹಂಚಿಕೊಂಡರೆ ಅವರಿಗೆ ಗೌರವಧನ, ಒಂದು ವಾಲಿಬಾಲು, ಸುಣ್ಣದ ಪುಡಿ, ಪ್ರಥಮ ಚಿಕಿತ್ಸೆಯ ಡಬ್ಬಿ ಬರುತ್ತದೆ. ಒಬ್ಬ ತಾಯಿಯೋ ತಂದೆಯೋ ಸರದಿಯ ಮೇಲೆ ಮೈದಾನದಲ್ಲಿ ಕೂತಿರಲಿ. ಹೆಣ್ಣುಮಕ್ಕಳನ್ನು ಕರೆತರಲು ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ.

ಮುಖ್ಯವಾಗಿ, ಜೂನ್‌ನಲ್ಲಿ ಇದನ್ನು ನಿಲ್ಲಿಸಬೇಡಿ. ಮಳೆ ಹಿಡಿದರೆ ಶಾಲೆಯ ವರಾಂಡದಲ್ಲಿ ಹಗ್ಗದಾಟ, ದಂಡ, ಬಸ್ಕಿ, ಮೆಟ್ಟಿಲು ಹತ್ತಿ ಇಳಿಯುವುದು. ಅರ್ಧ ಗಂಟೆ ಸಾಕು. ಪರೀಕ್ಷೆ ಹತ್ತಿರವಾದಾಗ ಆಟದ ಪೀರಿಯಡ್ಡನ್ನು ಬೇರೆ ಪಾಠಕ್ಕೆ ಕೊಡುವುದಿಲ್ಲ ಎಂಬ ಮಾತನ್ನೂ ಅದೇ ಸಭೆಯಲ್ಲಿ ಪಡೆಯಿರಿ. ಗೇಟಿನ ಕೀಲಿಕೈ ಯಾರ ಹತ್ತಿರ ಇರಬೇಕು, ಅವರು ಊರಲ್ಲಿ ಇಲ್ಲದ ದಿನ ಯಾರಿಗೆ ಕೊಟ್ಟು ಹೋಗಬೇಕು ಎಂಬುದನ್ನು ಬಾಯಿಮಾತಿಗೆ ಬಿಡದೆ, ಹೆಸರು ಹಾಕಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರೂ ಸಹಿ ಮಾಡಿ ಏಳಿ.

ಪೋಷಕರು ಮತ್ತು ನಿವೃತ್ತ ದೈಹಿಕ ಶಿಕ್ಷಕರ ಪರವಾಗಿ

(ಓದಿದ ಮೇಲೆ ಪಕ್ಕದ ಮನೆಗೆ ದಾಟಿಸಿ)