ಬೋನಸ್ ಕೊಡುವ ಮೊದಲು ಕೂರಲು ಕುರ್ಚಿ ಕೊಡಿ

2022ರ ಎಪ್ರಿಲ್‌ನಲ್ಲಿ ಬೆಂಗಳೂರಿನ ಷೇರು ವಹಿವಾಟು ಕಂಪೆನಿ ಝೆರೋಧಾದ ಮುಖ್ಯಸ್ಥ ನಿತಿನ್ ಕಾಮತ್ ಒಂದು ಘೋಷಣೆ ಮಾಡಿದರು. ಬಿಎಂಐ 25ಕ್ಕಿಂತ ಕಡಿಮೆ ಇರುವ ಸಿಬ್ಬಂದಿಗೆ ಅರ್ಧ ತಿಂಗಳ ಸಂಬಳ ಬೋನಸ್. ಎಲ್ಲರ ಸರಾಸರಿ 25.3 ಇತ್ತು. ಆಗಸ್ಟ್ ಒಳಗೆ ಅದು 24ಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಇನ್ನರ್ಧ ತಿಂಗಳ ಸಂಬಳ. ಯಾರ ಸಂಬಳವನ್ನೂ ಕಡಿತ ಮಾಡಿಲ್ಲವಲ್ಲ, ಮತ್ತೆ ತಕರಾರು ಯಾಕೆ ಅಂತ ಕೇಳಬಹುದು.

ತಕರಾರು ಇರುವುದು ಅಳತೆಯಲ್ಲಿ. ಬಿಎಂಐ ಅಂದರೆ ತೂಕ ಮತ್ತು ಎತ್ತರದ ಲೆಕ್ಕ, ಅಷ್ಟೆ. ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತೆಳ್ಳಗಿದ್ದೂ ಸಕ್ಕರೆ ಕಾಯಿಲೆ ಇರುವವರು ನಮ್ಮ ನಡುವೆಯೇ ಇದ್ದಾರೆ. ಥೈರಾಯ್ಡ್ ಇರುವವರಿಗೆ, ಈಚೆಗೆ ಹೆರಿಗೆಯಾದವರಿಗೆ, ಸ್ಟಿರಾಯ್ಡ್ ಮಾತ್ರೆ ತಿನ್ನುವವರಿಗೆ ತೂಕ ಇಳಿಸುವುದು ಅಷ್ಟು ಸುಲಭವಲ್ಲ. ಇನ್ನು ಎಲ್ಲರ ಸರಾಸರಿ ಲೆಕ್ಕ ಹಾಕಿದರೆ? "ಇವನಿಂದಾಗಿ ನಮ್ಮ ಬೋನಸ್ ಹೋಯ್ತು" ಅಂತ ನೋಡುವವರ ಮುಂದೆ ದಪ್ಪಗಿರುವವನು ಬುತ್ತಿ ಬಿಚ್ಚುವುದು ಹೇಗೆ ಮಾರಾಯ್ರೇ?

ಗಲ್ಫ್‌ಗೆ ಹೊರಟು ಮೆಡಿಕಲ್‌ನಲ್ಲಿ 'ಅನ್‌ಫಿಟ್' ಆದವರ ಮನೆಯ ಸಂಕಟ ನಮಗೆ ಹೊಸತಲ್ಲ. ದೇಹದ ರಿಪೋರ್ಟನ್ನು ಹೊಟ್ಟೆಪಾಡಿಗೆ ಕಟ್ಟಿದರೆ ಜನ ಕಾಯಿಲೆಯನ್ನು ಮುಚ್ಚಿಡಲು ಕಲಿಯುತ್ತಾರೆ, ಗುಣಪಡಿಸಲು ಅಲ್ಲ.

ಬಿಎಂಐ ಉತ್ತಮ ಅಳತೆಯಲ್ಲ, ಶುರು ಮಾಡಲು ಸುಲಭ ಅಷ್ಟೆ ಎಂದು ಕಾಮತ್ ಅವರೇ ಹೇಳಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದಿನನಿತ್ಯದ ವ್ಯಾಯಾಮದ ಗುರಿಗೆ ಬೋನಸ್ ಇಟ್ಟರು. ಇದು ಮೇಲು. ಇಲ್ಲಿ ಬಹುಮಾನ ಪ್ರಯತ್ನಕ್ಕೆ. ಪಾಠ ಹೇಳುವ ನಮಗೆ ಇದು ಗೊತ್ತು. ಅಂಕ ಬಂದವರಿಗೆ ಮಾತ್ರ ಮಿಠಾಯಿ ಕೊಟ್ಟರೆ ಹಿಂದಿನ ಸಾಲಿನ ಮಕ್ಕಳು ಓದುವುದನ್ನೇ ಬಿಡುತ್ತಾರೆ.

ಅಮೆರಿಕದ 2010ರ ಆರೋಗ್ಯ ಕಾನೂನು ಇಂಥ ಪ್ರೋತ್ಸಾಹಕ್ಕೆ ವಿಮೆ ವೆಚ್ಚದ ಶೇ. 30ರವರೆಗೆ ಅವಕಾಶ ಕೊಟ್ಟಿದೆ. ಆದರೆ ಕಾಯಿಲೆಯಿಂದ ಗುರಿ ಮುಟ್ಟಲಾಗದವರಿಗೆ ಬೇರೆ ದಾರಿ ಕೊಡಲೇಬೇಕು. ಅಲ್ಲೂ ಬಹುಮಾನ ದಂಡವಾದದ್ದುಂಟು. 2018ರಲ್ಲಿ ವೆಸ್ಟ್ ವರ್ಜೀನಿಯಾದ ಶಿಕ್ಷಕರು ಮುಷ್ಕರ ಹೂಡಿದಾಗ, ಆರೋಗ್ಯದ ಆ್ಯಪ್ ಬಳಸದವರು ತಿಂಗಳಿಗೆ 25 ಡಾಲರ್ ತೆರಬೇಕೆಂಬ ಯೋಜನೆಯೂ ಅವರ ಸಿಟ್ಟಿಗೆ ಒಂದು ಕಾರಣವಾಗಿತ್ತು.

ನಮ್ಮಲ್ಲಿ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ ನಡೆಸುವ ಮಾಲಕರು ಬೇಕಾದಷ್ಟಿದ್ದಾರೆ. ಅವರಿಗೆ ಒಂದು ವಿನಂತಿ. ಬೆಳಗ್ಗಿನಿಂದ ರಾತ್ರಿವರೆಗೆ ನಿಂತೇ ಇರುವ ಹುಡುಗ ಹುಡುಗಿಯರ ಆರೋಗ್ಯ ಕೆಡುವುದು ಹೆಚ್ಚಾಗಿ ಕೆಲಸದ ಜಾಗದಲ್ಲೇ. ಪಕ್ಕದ ಕೇರಳ 2018ರಲ್ಲಿ ಕಾನೂನು ತಿದ್ದಿ ಅಂಗಡಿ ಸಿಬ್ಬಂದಿಗೆ ಕುಳಿತುಕೊಳ್ಳುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡು ಕೂಡಾ. ನಾವು ಕಾನೂನಿಗೆ ಕಾಯಬೇಕಾಗಿಲ್ಲ. ಒಂದು ಕುರ್ಚಿ, ಹೊತ್ತಿಗೆ ಸರಿಯಾಗಿ ಊಟದ ಬಿಡುವು, ವರ್ಷಕ್ಕೊಮ್ಮೆ ಉಚಿತ ತಪಾಸಣೆ. ರಿಪೋರ್ಟ್ ಮಾತ್ರ ಅವರ ಕೈಯಲ್ಲೇ ಇರಲಿ, ಮಾಲಕರ ಮೇಜಿಗೆ ಬರುವುದು ಬೇಡ.