ಕಂಬಳಿಗಿಂತ ಹುಲ್ಲು ಮೇಲು

ಕೆನಡ ದೇಶದ ಆಲ್ಬರ್ಟ, ಸಸ್ಕಾಚೆವಾನ್, ಮ್ಯಾನಿಟೋಬ ಎಂಬ ಬಯಲುಸೀಮೆಯ ಪ್ರಾಂತಗಳಲ್ಲಿ ಜನವರಿಯ ಇರುಳು ಸೊನ್ನೆಗಿಂತ 30 ಡಿಗ್ರಿ ಕೆಳಕ್ಕಿಳಿಯುವುದು ಆಶ್ಚರ್ಯದ ಸಂಗತಿಯಲ್ಲ. ಅಂಥ ಚಳಿಯಲ್ಲಿ ಬೆನ್ನ ಮೇಲೆ ಹಿಮವನ್ನು ಹೊತ್ತು, ಗಾಳಿಗೆ ಬಾಲವನ್ನು ತಿರುಗಿಸಿ, ತಲೆ ತಗ್ಗಿಸಿ ನಿಂತ ಮುದಿ ಕುದುರೆಯೊಂದನ್ನು ದಾರಿಹೋಕನಾದ ಪಟ್ಟಣಿಗನು ಕಂಡನೆಂದರೆ, ಅವನ ಹೃದಯದಲ್ಲಿ ಮೊದಲು ಮೂಡುವುದು ಕರುಣೆ. ಅದರ ಬೆನ್ನಿಗೇ ಮೂಡುವುದು ಆ ಕುದುರೆಯ ಒಡೆಯನ ಮೇಲಣ ಕೋಪ. ಲಾಯದೊಳಗೆ ಕಟ್ಟಿ, ಬಾಗಿಲು ಕಿಟಕಿಗಳನ್ನು ಬಿಗಿದು, ದಪ್ಪನೆಯ ಕಂಬಳಿಯನ್ನು ಹೊದಿಸಬಾರದೇ ಎಂದು ಅವನು ಕೇಳುತ್ತಾನೆ. ಕೇಳುವವನ ಮನಸ್ಸು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ; ಆದರೆ ತನ್ನ ಮೈಯ ನಡುಕವನ್ನೇ ಅಳತೆಗೋಲಾಗಿ ಹಿಡಿದು ಅನ್ಯಪ್ರಾಣಿಯ ಸುಖದುಃಖಗಳನ್ನು ಅಳೆಯಹೊರಡುವ ದಯೆಯು ಆ ಪ್ರಾಣಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡುತ್ತದೆಂಬುದು ನನ್ನ ಅಭಿಪ್ರಾಯ.

ಬೆನ್ನ ಮೇಲಿನ ಹಿಮ ಕರಗದೆ ನಿಂತಿದೆಯೆಂದರೆ ಒಳಗಿನ ಶಾಖ ಹೊರಕ್ಕೆ ಸೋರುತ್ತಿಲ್ಲವೆಂದೇ ಅರ್ಥ. ಜೂನ್ ಕಳೆದು ಹಗಲು ಕುಗ್ಗತೊಡಗಿದಂದಿನಿಂದಲೇ, ಇನ್ನೂ ಸೆಕೆಯಿರುವಾಗಲೇ, ಕುದುರೆಯ ಮೈ ಚಳಿಗಾಲದ ರೋಮವನ್ನು ಬೆಳೆಸಲು ಸಿದ್ಧವಾಗುತ್ತದೆ. ಚಳಿ ಬಂದಾಗ ಆ ರೋಮ ನಿಮಿರಿ ನಿಂತು ತನ್ನ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಆ ಗಾಳಿಯೇ ಅದರ ನಿಜವಾದ ಹೊದಿಕೆ. ಹೀಗೆ ಹವೆಗೆ ಒಗ್ಗಿದ, ಮೈ ಒಣಗಿರುವ, ಹೊಟ್ಟೆ ತುಂಬಿರುವ ಪ್ರೌಢ ಕುದುರೆಯು ಸುಮಾರು ಮೈನಸ್ 15 ಡಿಗ್ರಿಯವರೆಗೆ ಮೈ ಕಾಯಿಸಿಕೊಳ್ಳಲು ವಿಶೇಷ ಪ್ರಯಾಸಪಡಬೇಕಾಗಿಲ್ಲವೆಂದು ಕೆನಡದ ಸಂಶೋಧಕರು ಕಂಡುಕೊಂಡಿದ್ದಾರೆ. ಬೆಚ್ಚನೆಯ ಲಾಯದಲ್ಲೇ ಇದ್ದು ರೋಮ ಕತ್ತರಿಸಿಕೊಂಡ ಕುದುರೆಗಾದರೋ ಸೊನ್ನೆಗಿಂತ 5 ಡಿಗ್ರಿ ಮೇಲಿರುವಾಗಲೇ ಚಳಿ ಕಾಡತೊಡಗುತ್ತದೆ. ಕುದುರೆ ಮೂಲತಃ ಯುರೇಷ್ಯದ ತಣ್ಣನೆಯ ಹುಲ್ಲುಗಾವಲುಗಳ ಜೀವಿ. ಅದಕ್ಕೆ ಸೆಕೆಯೇ ಹೆಚ್ಚಿನ ವೈರಿಯೆಂಬುದಕ್ಕೆ ನಮ್ಮ ದಕ್ಷಿಣಾಪಥದ ಚರಿತ್ರೆಯೂ ಸಾಕ್ಷಿಯಾಗಿದೆ. ಹರ್ಮುಜಿನಿಂದ ಗೋವೆ ಭಟ್ಕಳಗಳ ಮಾರ್ಗವಾಗಿ ವಿಜಯನಗರದ ಅರಸರು ಅಪಾರ ಧನವನ್ನು ತೆತ್ತು ಕುದುರೆಗಳನ್ನು ಮತ್ತೆ ಮತ್ತೆ ತರಿಸಬೇಕಾಗಿತ್ತು. ಅವರಿಗಿಂತಲೂ ಮುಂಚೆ, 13ನೆಯ ಶತಮಾನದಲ್ಲಿ, ಚೋಳಮಂಡಲದ ಕರಾವಳಿಯ ದೊರೆಗಳು ಸಾವಿರಗಟ್ಟಲೆಯಾಗಿ ಕೊಂಡ ಕುದುರೆಗಳಲ್ಲಿ ವರ್ಷಾಂತ್ಯಕ್ಕೆ ಉಳಿಯುತ್ತಿದ್ದವು ಅತ್ಯಲ್ಪವೆಂದು ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ಆರೈಕೆ ಬಲ್ಲವರಿಲ್ಲದ್ದು, ಬೇಯಿಸಿದ ಅನ್ನಮಾಂಸಗಳನ್ನು ತಿನ್ನಿಸಿದ್ದು ಮೊದಲಾದ ಕಾರಣಗಳನ್ನೂ ಅವನು ಹೇಳುತ್ತಾನೆ. ತಮಗೆ ಹಿತವಾದದ್ದೇ ಕುದುರೆಗೂ ಹಿತವೆಂದು ನಂಬಿದವರು ಆ ಕಾಲದಲ್ಲಿಯೂ ಇದ್ದರು.

ಹಾಗಾದರೆ ಮುದಿ ಕುದುರೆಗೆ ಹಿಮದ ಮಾಸಗಳು ಗಂಡಾಂತರದವೆನ್ನುವುದು ಸುಳ್ಳೇ? ಸುಳ್ಳಲ್ಲ. ಗಂಡಾಂತರವುಂಟು, ಅದು ಬರುವುದು ಬಹುಮಟ್ಟಿಗೆ ಬಾಯಿಯ ಮೂಲಕ. ಕುದುರೆಯ ದವಡೆಹಲ್ಲು ಎಳವೆಯಲ್ಲಿ ಎಲುಬಿನೊಳಗೆ ಉದ್ದಕ್ಕೆ ಹುದುಗಿದ್ದು, ಮೇವನ್ನು ಅರೆಯುವ ಕೆಲಸದಲ್ಲಿ ಸವೆದಷ್ಟನ್ನು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಂತೆ ಒಸಡಿನಿಂದ ಮೇಲಕ್ಕೆ ತಳ್ಳುತ್ತ ಬರುತ್ತದೆ. ಈ ದಾಸ್ತಾನಿಗೆ ಕೊನೆಯುಂಟು. 25 ವರ್ಷ ದಾಟಿದ ಕುದುರೆಗಳಲ್ಲಿ ಅನೇಕಕ್ಕೆ ಅದು ಮುಗಿದು, ಹಲ್ಲಿನ ಮೇಲ್ಮೈ ನುಣುಪಾಗುತ್ತದೆ, ಇಲ್ಲವೆ ಹಲ್ಲೇ ಅಲುಗಾಡಿ ಬಿದ್ದುಹೋಗುತ್ತದೆ. ಆಗ ಒಣಹುಲ್ಲನ್ನು ಬಾಯಿತುಂಬ ತೆಗೆದುಕೊಂಡ ಕುದುರೆ ಅದನ್ನು ಅಗಿದಂತೆ ಮಾಡಿ, ನುಂಗಲಾರದೆ, ಒದ್ದೆ ಉಂಡೆಗಳಾಗಿ ನೆಲಕ್ಕೆ ಉಗುಳುತ್ತದೆ. ಗೋದಲಿಯ ಕೆಳಗೆ ಬಿದ್ದಿರುವ ಆ ಉಂಡೆಗಳನ್ನು ಗಮನಿಸದ ಒಡೆಯನು ಎಷ್ಟು ಕಂಬಳಿ ಕೊಂಡರೂ ವ್ಯರ್ಥ. ಏಕೆಂದರೆ ಕುದುರೆಯ ಮೈಯನ್ನು ಕಾಯಿಸುವ ಒಲೆ ಇರುವುದು ಅದರ ಕುರುಡುಗರುಳಿನಲ್ಲಿಯೂ ಹೆಗ್ಗರುಳಿನಲ್ಲಿಯೂ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುದುಗಿಸುವಾಗ ಹುಟ್ಟುವ ಶಾಖವೇ ಇರುಳೆಲ್ಲ ಅದನ್ನು ಕಾಪಾಡುವುದು. ಧಾನ್ಯಕ್ಕೆ ಈ ಗುಣ ಅಷ್ಟಿಲ್ಲ. ಚಳಿ ಹೆಚ್ಚಿತೆಂದು ಮುದಿ ಕುದುರೆಗೆ ಓಟ್ಸನ್ನೋ ಜೋಳವನ್ನೋ ಹೇರಳವಾಗಿ ಸುರಿಯುವವರು ಹೊಟ್ಟೆಶೂಲೆಯನ್ನು ಕರೆದು ತಂದಾರೇ ಹೊರತು ಬೆಚ್ಚಗಿಡಲಾರರು.

500 ಕಿಲೋಗ್ರಾಂ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಹುಲ್ಲು ಬೇಕು. ಮೈನಸ್ 15ರ ಕೆಳಗೆ ಇಳಿದ ಒಂದೊಂದು ಡಿಗ್ರಿಗೂ ಆಹಾರದ ಶಕ್ತಿ ಶೇಕಡಾ 2ರಿಂದ 2.5ರಷ್ಟು ಹೆಚ್ಚಾಗಬೇಕು. ಅಂದರೆ ಮೈನಸ್ 30ರ ದಿನ ಸುಮಾರು ಮೂರರಲ್ಲೊಂದು ಪಾಲು ಅಧಿಕ. ಹಲ್ಲಿಲ್ಲದ ಕುದುರೆಗೆ ಇದನ್ನೆಲ್ಲ ಪುಡಿಮಾಡಿ ಗಟ್ಟಿಸಿದ ಹುಲ್ಲಿನ ಗುಳಿಗೆಯಾಗಿಯೋ, ಸಕ್ಕರೆ ತೆಗೆದುಳಿದ ಬೀಟ್‌ಗೆಡ್ಡೆಯ ತಿರುಳಾಗಿಯೋ, ಬಿಸಿನೀರಿನಲ್ಲಿ ನೆನೆಸಿ ಗಂಜಿಯಂತೆ ಮಾಡಿ, ದಿನಕ್ಕೆ ಮೂರು ನಾಲ್ಕು ಹೊತ್ತು ಇಡಬೇಕಾಗುತ್ತದೆ. ಇಟ್ಟು ಹೊರಟುಹೋಗುವಂತೆಯೂ ಇಲ್ಲ: ಸ್ವಲ್ಪ ಹೊತ್ತಿನಲ್ಲಿಯೇ ಗಂಜಿ ಕಲ್ಲಾಗುತ್ತದೆ, ಅಷ್ಟರೊಳಗೆ ಹಿಂಡಿನ ಎಳೆಯ ಕುದುರೆಗಳು ಬಂದು ಮುದುಕನನ್ನು ಕಿವಿ ಮಡಿಸಿ ಹೆದರಿಸಿ ಓಡಿಸುತ್ತವೆ. ಬೇಲಿಯೊಂದನ್ನು ಅಡ್ಡಹಾಕಿ, ಅದು ನಿಧಾನವಾಗಿ ತಿಂದು ಮುಗಿಸುವವರೆಗೆ ಪಕ್ಕದಲ್ಲಿ ನಿಲ್ಲುವ ತಾಳ್ಮೆ ಬೇಕು. ಇನ್ನೊಂದು ಮಾತು. ದಟ್ಟ ರೋಮ ಕಣ್ಣಿಗೆ ಮೋಸಮಾಡುತ್ತದೆ. ದುಂಡಗೆ ಕಾಣುವ ಕುದುರೆಯ ಪಕ್ಕೆಲುಬುಗಳನ್ನು ಕೈಯಿಂದ ತಡವಿ ನೋಡಿದಾಗಲೇ ಸತ್ಯ ತಿಳಿಯುವುದು. ಹೀಗೆ ತಡವಿ ಕುದುರೆಯ ಪುಷ್ಟಿಯನ್ನು 1ರಿಂದ 9ರವರೆಗೆ ಎಣಿಸುವ ಕ್ರಮವೊಂದನ್ನು 1983ರಲ್ಲಿ ಅಮೆರಿಕದ ಹೆನೆಕೆ ಎಂಬ ವಿದ್ವಾಂಸನು ರೂಪಿಸಿದನು. ಅದಕ್ಕೆ ಯಂತ್ರ ಬೇಡ, ಹಣ ಬೇಡ. ಕೈಗವಸನ್ನು ಕಳಚಿದರೆ ಸಾಕು.

ನೀರಿನ ವಿಷಯದಲ್ಲಿ ಜನರ ಅಜ್ಞಾನ ಇನ್ನೂ ದೊಡ್ಡದು. ಹಿಮವನ್ನು ನೆಕ್ಕಿಕೊಂಡೀತೆಂದು ಸುಮ್ಮನಿರುವವರು, ಹೊಸದಾಗಿ ಬಿದ್ದ ಹಿಮ ಹತ್ತು ಬಕೆಟ್ ಕರಗಿದರೆ ನೀರು ಒಂದು ಬಕೆಟ್ ಆದೀತೆಂಬುದನ್ನು ಯೋಚಿಸುವುದಿಲ್ಲ. ಬೇಸಗೆಯ ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಒಣಹುಲ್ಲಿನಲ್ಲಿ ಏನೂ ಇಲ್ಲವೆನ್ನಬೇಕು. ದಿನಕ್ಕೆ 25 ಲೀಟರಿಗೂ ಮಿಕ್ಕು ಕುಡಿಯಬೇಕಾದ ಪ್ರಾಣಿಯು, ತೊಟ್ಟಿಯ ನೀರು ಮಂಜುಗಡ್ಡೆಗೆ ಸಮೀಪವಾಗಿದ್ದರೆ ಹಲ್ಲು ಜುಮ್ಮೆನ್ನಿಸಿಕೊಂಡು ಹಿಂದೆ ಸರಿಯುತ್ತದೆ. ಉಗುರು ಬೆಚ್ಚಗಿದ್ದರೆ ಹೆಚ್ಚು ಕುಡಿಯುತ್ತದೆ. ನೀರು ಸಾಲದಾದಾಗ ಅರೆಬರೆ ಅಗಿದ ಹುಲ್ಲು ಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಚಳಿಗಾಲದಲ್ಲಿ ಮುದಿ ಕುದುರೆಗಳನ್ನು ಕೊಲ್ಲುವ ಶೂಲೆಗಳಲ್ಲಿ ಇದೇ ಮುಖ್ಯವಾದದ್ದು. ಮೇವಿಗೆ ಒಂದಿಷ್ಟು ಉಪ್ಪು ಬೆರೆಸಿ ಬಾಯಾರಿಸುವುದು ಹಳಬರು ಬಲ್ಲ ಉಪಾಯ.

ಆಲ್ಬರ್ಟದ ದಕ್ಷಿಣಭಾಗದಲ್ಲಿ ಚಿನೂಕ್ ಎಂಬ ಗಾಳಿಯಿದೆ. ರಾಕಿ ಪರ್ವತಗಳನ್ನಿಳಿದು ಬರುವ ಆ ಒಣ ಬೆಚ್ಚನೆಯ ಗಾಳಿ ಕೆಲವೇ ಗಂಟೆಗಳಲ್ಲಿ ಹವೆಯನ್ನು 20 ಡಿಗ್ರಿಗಳಷ್ಟು ಏರಿಸಿಬಿಡುವುದುಂಟು. ಊರವರಿಗೆಲ್ಲ ಅದು ಹಬ್ಬ. ಮುದಿ ಕುದುರೆಯ ಒಡೆಯನಿಗೆ ಅದೇ ಭೀತಿ. ಕರಗಿದ ಹಿಮ ಮರುರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ ಬಯಲೆಲ್ಲ ಕನ್ನಡಿಯಾಗುತ್ತದೆ. ಸಂಧಿವಾತದಿಂದ ಬಿಗಿದ ಕಾಲುಗಳುಳ್ಳ ಕುದುರೆ ಅದರ ಮೇಲೆ ಜಾರಿ ಬಿದ್ದರೆ ಏಳಲಾರದು. ಬಿದ್ದಲ್ಲೇ ಗಂಟೆಗಟ್ಟಲೆ ಹೊರಳಾಡಿ, ಶಾಖವನ್ನೂ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಇದಕ್ಕೆ ಒಲೆಯ ಬೂದಿ, ಮರಳು, ಸಣ್ಣ ಜಲ್ಲಿ ಇವೇ ಮದ್ದು: ಲಾಯದಿಂದ ನೀರಿನ ತೊಟ್ಟಿಗೆ, ಅಲ್ಲಿಂದ ಹುಲ್ಲಿನೆಡೆಗೆ ಒಂದು ದಾರಿಯನ್ನಾದರೂ ಮಾಡಿಡಬೇಕು. ದುಡಿಮೆಯಿಲ್ಲದ ಕುದುರೆಯ ಲಾಳಗಳನ್ನು ಚಳಿಗೆ ಮುಂಚೆ ಕಿತ್ತುಹಾಕುವುದು ಲೇಸು. ಲಾಳದ ಒಳಗೆ ಹಿಮ ಉಂಡೆಕಟ್ಟಿ ಕುದುರೆ ಮರಗಾಲಿನ ಮೇಲೆ ನಡೆದಂತಾಗುವುದು ತಪ್ಪುತ್ತದೆ. ಬಾಗಿಲು ಬಿಗಿದ ಲಾಯದ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ: ಮೂತ್ರದಿಂದೇಳುವ ಅಮೋನಿಯ, ಹುಲ್ಲಿನ ಧೂಳು, ಬೂಷ್ಟುಗಳು ಮುದಿ ಶ್ವಾಸಕೋಶಕ್ಕೆ ಚಳಿಗಿಂತ ಕ್ರೂರ. ಗಾಳಿಯ ಕಡೆಗೆ ಬೆನ್ನು ಮಾಡಿದ, ಮೂರು ಗೋಡೆಯ ಒಂದು ಒಣ ಚಪ್ಪರ ಸಾಕು. ಕಂಬಳಿಯೇ ಕೂಡದೆಂದೂ ನಾನು ಹೇಳುತ್ತಿಲ್ಲ. ಸೊರಗಿದ ಕುದುರೆಗೆ, ಚಳಿಮಳೆಯಲ್ಲಿ ನೆನೆಯುವ ಕುದುರೆಗೆ ಅದು ಬೇಕೇ ಬೇಕು. ಹೊದಿಸಿದವನು ದಿನಕ್ಕೊಮ್ಮೆ ತೆಗೆದು ಒಳಗಿನ ಮೈಯನ್ನು ನೋಡಲಿ.

ಇವೆಲ್ಲವೂ ನಿರ್ಧಾರವಾಗಬೇಕಾದದ್ದು ಹಿಮ ಬಿದ್ದ ಮೇಲಲ್ಲ, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ. ಹಲ್ಲು ನೋಡಿಸುವುದು, ಹುಲ್ಲಿನ ಲೆಕ್ಕ ಹಾಕುವುದು, ರೋಮ ಉದುರದೆ ಗುಂಗುರಾಗಿ ಬೆಳೆಯುವ ಪಿಟ್ಯುಟರಿ ಗ್ರಂಥಿಯ ವ್ಯಾಧಿಯನ್ನು ರಕ್ತಪರೀಕ್ಷೆಯಿಂದ ತಿಳಿಯುವುದು, ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಒಡೆಯನು ಆಗಲೇ ಕೇಳಿಕೊಳ್ಳಬೇಕು: ಈ ಕುದುರೆಯನ್ನು ಮತ್ತೊಂದು ಚಳಿಗಾಲಕ್ಕೆ ದೂಡುವುದು ನ್ಯಾಯವೇ? ಈ ಪ್ರಶ್ನೆಯನ್ನು ಎದುರಿಸಲಾರದವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ನೋಡೋಣವೆನ್ನುತ್ತ ಫೆಬ್ರವರಿಯ ಮಂಜುಗಡ್ಡೆಯ ಮೇಲೆ ಉತ್ತರವನ್ನು ಪಡೆಯುತ್ತಾರೆ. ಕೆಲವರು ಹರಾಜಿಗೆ ಕಳುಹಿಸಿ ಕೈತೊಳೆದುಕೊಳ್ಳುತ್ತಾರೆ. ಅಮೆರಿಕದ ಸಂಯುಕ್ತ ಸಂಸ್ಥಾನದ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದ ಬಳಿಕ, ಹರಾಜಿನಲ್ಲಿ ಮಾಂಸಕ್ಕೆಂದು ಹೋದ ಎಷ್ಟೋ ಪ್ರಾಣಿಗಳು ಲಾರಿಗಳಲ್ಲಿ ನಿಂತುಕೊಂಡೇ ಕೆನಡ, ಮೆಕ್ಸಿಕೊಗಳವರೆಗೆ ಸಾಗಬೇಕಾಯಿತು. ಹಾಲು ಬತ್ತಿದ ಹಸುವನ್ನು ಪಟ್ಟಣದ ಬೀದಿಗೆ ಬಿಟ್ಟು, ಅದು ಪ್ಲಾಸ್ಟಿಕ್ ತಿಂದು ಬದುಕುವುದನ್ನು ನೋಡುತ್ತ ತಾವು ಕೊಲ್ಲಲಿಲ್ಲವೆಂದು ಸಮಾಧಾನಪಡುವ ನಮ್ಮವರು ಈ ಮನೋಧರ್ಮವನ್ನು ಪರಕೀಯವೆನ್ನಲಾರರು.

ಇಂದು ಮೇಯುತ್ತಿರುವ ಪ್ರಾಣಿಯ ಆಯುಷ್ಯವನ್ನು ನಾಳೆಯ ಭಯದಿಂದ ಮೊಟಕುಮಾಡಲು ನಮಗೇನು ಅಧಿಕಾರವೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಗಂಭೀರವಾದದ್ದೇ. ಆದರೆ ನಾಳೆಯ ಭಯವಿರುವುದು ನಮಗೆ, ಕುದುರೆಗಲ್ಲ. ಎಳೆಬಿಸಿಲಿನಲ್ಲಿ, ಪರಿಚಿತವಾದ ಹುಲ್ಲಿನ ಮೇಲೆ, ವೈದ್ಯನ ಸೂಜಿಯಿಂದ ಬರುವ ಅಂತ್ಯದಲ್ಲಿ ಅದು ಕಳೆದುಕೊಳ್ಳುವುದು ತಾನು ಎಣಿಸಿರದ ಕೆಲವು ದಿನಗಳನ್ನು; ಮಂಜಿನ ಮೇಲೆ ಬಿದ್ದು ಸಾಯುವಾಗ ಅನುಭವಿಸುವುದು ಪ್ರತ್ಯಕ್ಷವಾದ ಯಾತನೆಯನ್ನು. ಹಲ್ಲು ಹೋಗಿಯೂ ಗಂಜಿ ಕುಡಿದು ಪುಷ್ಟವಾಗಿರುವ, ಮಲಗಿ ತಾನಾಗಿ ಏಳಬಲ್ಲ ಕುದುರೆಗೆ 30 ವರ್ಷವಾದರೂ ಈ ಮಾತು ಅನ್ವಯಿಸದು. ಪಂಚಾಂಗ ನೋಡಿ ತೀರ್ಮಾನಿಸುವ ವಿಷಯವಲ್ಲ ಇದು. ಅನ್ವಯಿಸುವ ಕುದುರೆಯಿದ್ದಲ್ಲಿ ಮಾತ್ರ, ನೆಲ ಮೆದುವಾಗಿರುವಾಗಲೇ ವೈದ್ಯನನ್ನು ಕರೆಸಬೇಕು. ನವೆಂಬರ್ ಕಳೆದರೆ ಅಲ್ಲಿಯ ಭೂಮಿ ಹೆಪ್ಪುಗಟ್ಟಿ ಗುದ್ದಲಿಗೆ ಬಗ್ಗುವುದಿಲ್ಲ. ಮಣ್ಣುಮಾಡುವ ಇಚ್ಛೆಯುಳ್ಳವರು, ಬಾವಿ ತೊರೆಗಳಿಂದ ಎಷ್ಟು ದೂರವಿರಬೇಕೆಂಬ ಊರಿನ ನಿಯಮವನ್ನು ವಿಚಾರಿಸಿಕೊಂಡು, ಗುಂಡಿಯನ್ನೂ ಅಷ್ಟರಲ್ಲಿ ತೋಡಿಸಿಡಬೇಕು.